ಜಮೀನಿಗೆ ನುಗ್ಗಿದ ಲಾರಿ: ಎದುರು ಪಕ್ಷದ ವಿಮಾ ಕಂಪೆನಿಯಿಂದ ನಷ್ಟಪರಿಹಾರ ಪಡೆಯುವ ಕ್ರಮ

ಹೆದ್ದಾರಿಯ ಮಗ್ಗುಲಲ್ಲಿ ತೋಟ ಗದ್ದೆಗಳುಳ್ಳ ರೈತರಿಗೆ ಮಳೆ, ರೋಗ, ಕೀಟಗಳಿಂದಾಗುವ ಹಾನಿಯ ಜೊತೆಗೆ ಮೋಟಾರು ವಾಹನಗಳಿಂದಾಗುವ ಹಾನಿಯೂ ಒಂದುಂಟು. ಹತೋಟಿ ತಪ್ಪಿದ ಲಾರಿಯೊಂದು ಬೇಲಿ ಮುರಿದು ಒಳನುಗ್ಗಿದರೆ, ಹಲವು ವರ್ಷಗಳ ದುಡಿಮೆಯು ಕ್ಷಣಮಾತ್ರದಲ್ಲಿ ನೆಲಸಮವಾಗುತ್ತದೆ. ಇದಕ್ಕೆ ಪರಿಹಾರ ಪಡೆಯುವ ಹಕ್ಕು ರೈತನಿಗುಂಟು. ಆದರೆ ಕ್ರಮವರಿಯದೆ ಆ ಹಕ್ಕನ್ನು ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ನಮ್ಮ ಸರ್ಕಲಿಗೆ ಸೇರಿದ ಗ್ರಾಮವೊಂದರಲ್ಲಿ ಲಾರಿ ನುಗ್ಗಿ ಹನ್ನೊಂದು ಫಸಲಿನ ಅಡಿಕೆ ಮರಗಳೂ ಬೇಲಿಯ ಕಲ್ಲುಕಂಬಗಳೂ ಮುರಿದುಬಿದ್ದವು. ತೋಟದ ಯಜಮಾನರು ಅಂದೇ ಲಾರಿಯನ್ನು ಎಳೆಸಿ, ಮರಗಳನ್ನು ಕಡಿಸಿ ಸಾಗಿಸಿದರು. ಕೆಲವು ತಿಂಗಳ ತರುವಾಯ ವಿಮಾ ಕಂಪೆನಿಯ ಪ್ರತಿನಿಧಿಯು ಬಂದು ಕಂಬಗಳ ಬೆಲೆಯಷ್ಟು ಹಣವನ್ನು ಕೊಟ್ಟು ಒಂದು ಕಾಗದಕ್ಕೆ ರುಜು ಪಡೆದನು. ಅದರಲ್ಲಿ ಸಕಲ ನಷ್ಟವೂ ಸಂದಾಯವಾಗಿದೆಯೆಂದು ಬರೆದಿತ್ತು. ಮರಗಳ ಮಾತನ್ನು ಎತ್ತಿದಾಗ, ಆ ಕಾಗದವೇ ಯಜಮಾನರಿಗೆ ಅಡ್ಡವಾಯಿತು.

ಇಲ್ಲಿ ಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಆ ಕಂಪೆನಿಯು ಕರಾರು ಮಾಡಿಕೊಂಡಿರುವುದು ಲಾರಿಯ ಮಾಲೀಕನೊಡನೆ, ರೈತನೊಡನೆ ಅಲ್ಲ. ಅದು ಕಳುಹಿಸುವ ಸರ್ವೇಯರನು ನಷ್ಟವನ್ನು ಅಳೆಯುವುದು ಕಂಪೆನಿಯ ಪರವಾಗಿಯೇ. ಆದ್ದರಿಂದ ರೈತನು ತನ್ನ ಲೆಕ್ಕವನ್ನು ತಾನೇ ಸಿದ್ಧಪಡಿಸಿಟ್ಟುಕೊಳ್ಳಬೇಕು.

1988ರ ಮೋಟಾರು ವಾಹನಗಳ ಕಾಯಿದೆಯ 146ನೆಯ ಪ್ರಕರಣದಂತೆ, ಸರ್ಕಾರದ ಕೆಲವು ವಾಹನಗಳನ್ನುಳಿದು, ರಸ್ತೆಯಲ್ಲಿ ಓಡುವ ಪ್ರತಿಯೊಂದು ಮೋಟಾರು ವಾಹನಕ್ಕೂ ಮೂರನೆಯವರಿಗಾಗುವ ನಷ್ಟದ ವಿಮೆ ಇರಲೇಬೇಕು. ಈ ವಿಮೆಯ ಅಧ್ಯಾಯದಲ್ಲಿ ಆಸ್ತಿ ಎಂಬ ಪದದೊಳಗೆ ಮರಗಳೂ ಸೇರಿವೆ. ಈಗ ಅನುಸರಿಸತಕ್ಕ ಕ್ರಮವನ್ನು ಹೇಳುತ್ತೇವೆ.

(1) ಲಾರಿಯನ್ನು ಕದಲಿಸುವ ಮುಂಚೆ, ಅದರ ನೋಂದಣಿ ಸಂಖ್ಯೆ, ಚಕ್ರದ ಗುರುತು, ಬಿದ್ದ ಮರ, ಮುರಿದ ಕಂಬ, ಪಂಪುಮನೆ ಇವೆಲ್ಲವೂ ಕಾಣುವಂತೆ ಛಾಯಾಚಿತ್ರಗಳನ್ನು ತೆಗೆಯಿಸಬೇಕು. ಕಂಡವರ ಹೆಸರುಗಳನ್ನು ಬರೆದಿಡಬೇಕು.

(2) ತಡಮಾಡದೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು, ಸ್ಥಳದ ಮಹಜರಿನಲ್ಲಿ ಹಾನಿಯಾದ ಮರಗಳ ಸಂಖ್ಯೆಯನ್ನೂ ವಯಸ್ಸನ್ನೂ ಕಾಣಿಸಬೇಕು. ಎತ್ತು ಹಸುಗಳು ಸತ್ತಿದ್ದರೆ, ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು.

(3) ವಾಹನವನ್ನು ಯಾವ ಕಂಪೆನಿಯಲ್ಲಿ ವಿಮೆ ಮಾಡಿಸಿದೆಯೆಂಬ ವಿವರವನ್ನು, ಪರಿಹಾರ ಕೇಳುವವನಿಗೆ ಪೊಲೀಸರಾಗಲಿ ನೋಂದಣಿ ಅಧಿಕಾರಿಯಾಗಲಿ ನಿಗದಿಯಾದ ಶುಲ್ಕವನ್ನು ಪಡೆದು ಕೊಡತಕ್ಕದ್ದೆಂದು 160ನೆಯ ಪ್ರಕರಣವು ವಿಧಿಸಿದೆ. ಆ ಬಳಿಕ ಕಂಪೆನಿಗೂ ಮಾಲೀಕನಿಗೂ ಸ್ಪೀಡ್ ಪೋಸ್ಟ್ ಅಂಚೆಯಿಂದ ಪತ್ರ ಬರೆದು, ಪ್ರತಿಯನ್ನು ಇಟ್ಟುಕೊಳ್ಳಬೇಕು.

(4) ಮರದ ನಷ್ಟವನ್ನು ಈ ವರ್ಷದ ಫಸಲಿನಿಂದ ಮಾತ್ರ ಎಣಿಸುವುದು ದೊಡ್ಡ ತಪ್ಪು. ಹೊಸದಾಗಿ ನೆಟ್ಟ ಅಡಿಕೆ ಸಸಿಯು ಫಲಕ್ಕೆ ಬರಲು ಸುಮಾರು 5ರಿಂದ 7 ವರ್ಷ ಬೇಕು. ಆದ್ದರಿಂದ ಹೋದ ಫಸಲು, ಸಸಿ ನೆಡುವ ಮತ್ತು ಸಾಕುವ ವೆಚ್ಚ, ಫಲ ಬರುವವರೆಗಿನ ಆದಾಯ ಇವನ್ನು ಕೂಡಿಸಿ, ಉಳಿದ ಕೊಯ್ಲಿನ ಖರ್ಚನ್ನೂ ಮಾರಿದ ಮರದ ಬೆಲೆಯನ್ನೂ ಕಳೆಯಬೇಕು. ಪಹಣಿ, ಹಿಂದಿನ ವರ್ಷಗಳ ಮಾರಾಟದ ಚೀಟಿ, ಮಾರುಕಟ್ಟೆ ಸಮಿತಿಯ ದರ, ತೋಟಗಾರಿಕೆ ಅಥವಾ ಕೃಷಿ ಅಧಿಕಾರಿಯ ವರದಿ ಇವು ಆಧಾರಗಳು. ಲೆಕ್ಕವನ್ನು ಉಬ್ಬಿಸಬಾರದು, ಒಂದು ಬಾಬು ಸುಳ್ಳೆಂದು ಕಂಡರೆ ಉಳಿದವೂ ಸಂಶಯಕ್ಕೀಡಾಗುತ್ತವೆ.

(5) ಚಿತ್ರವೂ ಮಹಜರೂ ಆದ ಮೇಲೆ ತಾತ್ಕಾಲಿಕ ಬೇಲಿ ಹಾಕಿಸಬೇಕು. ಬೇಲಿಯಿಲ್ಲದೆ ದನ ನುಗ್ಗಿ ಆದ ಹಾನಿಯನ್ನು ರೈತನ ಅಲಕ್ಷ್ಯವೆಂದು ಕಂಪೆನಿಯು ವಾದಿಸಬಹುದು. ಖರ್ಚಿನ ರಸೀತಿಗಳನ್ನು ಜೋಪಾನವಾಗಿಡಬೇಕು.

(6) ಹಣ ಕೊಡುವಾಗ ಕಂಪೆನಿಯು ಮುಂದಿಡುವ ಕಾಗದವನ್ನು ಪೂರ್ತಿಯಾಗಿ ಓದಿಸಿ ಕೇಳದೆ ರುಜು ಹಾಕಬಾರದು. ಕೊಟ್ಟದ್ದು ಒಂದು ಭಾಗಕ್ಕೆ ಮಾತ್ರವಾಗಿದ್ದರೆ, ಹಾಗೆಂದೇ ಕಾಗದದಲ್ಲಿ ಬರೆಯಿಸಬೇಕು.

ಕಂಪೆನಿಯು ಒಪ್ಪದಿದ್ದರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಚಾಲಕ, ಮಾಲೀಕ, ಕಂಪೆನಿ ಮೂವರನ್ನೂ ಸೇರಿಸಿ ಅರ್ಜಿ ಹಾಕಬಹುದು. ಅಪಘಾತ ನಡೆದ ಸ್ಥಳದ ಮಂಡಳಿಯಲ್ಲಾಗಲಿ, ಅರ್ಜಿದಾರನು ವಾಸಿಸುವ ಪ್ರದೇಶದ ಮಂಡಳಿಯಲ್ಲಾಗಲಿ ಅರ್ಜಿ ಸಲ್ಲುತ್ತದೆ. ಆಸ್ತಿನಷ್ಟವು 2,000 ರೂಪಾಯಿಗಳನ್ನು ಮೀರಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಆಯ್ಕೆಯು 1939ರ ಹಳೆಯ ಕಾಯಿದೆಯಲ್ಲಿತ್ತು, 1988ರ ಕಾಯಿದೆಯಲ್ಲಿ ಇಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮಂಡಳಿಯ ಅರ್ಜಿಗೆ ಆರು ತಿಂಗಳ ಗಡುವಿದೆ. ಕಂಪೆನಿಯೊಡನೆ ಪತ್ರವ್ಯವಹಾರ ನಡೆಯುತ್ತಿದೆಯೆಂದು ಈ ಗಡುವು ನಿಲ್ಲುವುದಿಲ್ಲವೆಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಇಂತಹ ಅಪಘಾತದ ಪರಿಹಾರವು ಗ್ರಾಹಕ ನ್ಯಾಯಾಲಯದ ಅಧಿಕಾರಕ್ಕೆ ಸೇರದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಮಾನಿಸಿದೆ. ಅಲ್ಲಿ ಕಾಲ ಕಳೆಯಬಾರದು. ಪಾಲಿಸಿಯ ಮಿತಿಯನ್ನು ಮೀರಿದ ನಷ್ಟಕ್ಕೂ, ವಿಮೆಯೇ ಇಲ್ಲದ ವಾಹನದಿಂದಾದ ನಷ್ಟಕ್ಕೂ ಚಾಲಕ ಮಾಲೀಕರೇ ಹೊಣೆ.

ವಕೀಲರ ವೆಚ್ಚಕ್ಕೆ ಶಕ್ತಿಯಿಲ್ಲದ ಬಡವರೂ, ಆದಾಯವೆಷ್ಟೇ ಇರಲಿ ಹೆಂಗಸರೂ ಪರಿಶಿಷ್ಟ ಜಾತಿ ಪಂಗಡಗಳವರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವನ್ನು ಪಡೆಯಬಹುದು.

ಲಾರಿ ಬಿದ್ದ ಸ್ಥಳಕ್ಕೆ ಮೊದಲು ಕರೆ ಬರುವುದು ಗ್ರಾಮದ ಮುಖಂಡರಿಗೆ. ಗುಂಪು ಸೇರಿ ಚಾಲಕನನ್ನು ಹೊಡೆಯುವುದರಿಂದ ಮುರಿದ ಮರ ಚಿಗುರುವುದಿಲ್ಲ. ಹೊಡೆದವರ ಮೇಲೆಯೇ ಮೊಕದ್ದಮೆ ಬರುವುದು. ಜನರನ್ನು ಶಾಂತಗೊಳಿಸಿ, ಗಾಯಗೊಂಡವರನ್ನು ಮೊದಲು ಆಸ್ಪತ್ರೆಗೆ ಕಳುಹಿಸಿ, ಬಳಿಕ ಮೇಲೆ ಹೇಳಿದ ಕ್ರಮದಂತೆ ಚಿತ್ರವನ್ನೂ ಮಹಜರನ್ನೂ ಮಾಡಿಸಿದರೆ, ಅವರು ಆ ರೈತನ ಅರ್ಧ ವ್ಯಾಜ್ಯವನ್ನು ಅಲ್ಲಿಯೇ ಗೆಲ್ಲಿಸಿದಂತಾಗುವುದು.