ಇಲಿಯನ್ನು ಸಾಕಬಹುದೆ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟಿಗರಿಗೆ ಇಲಿಯು ಪರಮಶತ್ರು. ಅದನ್ನೇ ಸಾಕಬೇಕೆಂದು ಮಕ್ಕಳು ಹಟ ಹಿಡಿದರೆ ಹಿರಿಯರು ನಕ್ಕಾರು. ನಾವಾದರೋ, ಯಾವ ಇಲಿಯೆಂದು ಮೊದಲು ಕೇಳುತ್ತೇವೆ.

ತೋಟದಲ್ಲಿ ಸಿಕ್ಕ ಮರಿಯಾದರೆ ಖಂಡಿತ ಬೇಡ. ಇಲಿಜ್ವರವನ್ನುಂಟುಮಾಡುವ ಲೆಪ್ಟೊಸ್ಪೈರವೆಂಬ ಸೂಕ್ಷ್ಮಜೀವಿಯು ಇಲಿಯ ಮೂತ್ರಪಿಂಡಗಳಲ್ಲಿ ನೆಲೆಸಿ, ಮೂತ್ರದೊಡನೆ ಹೊರಬೀಳುತ್ತದೆ. ಒದ್ದೆ ನೆಲದಲ್ಲಿ ಬದುಕಿದ್ದು, ಕೈಕಾಲುಗಳ ಗಾಯದ ಮೂಲಕ ನಮ್ಮ ದೇಹವನ್ನು ಹೊಗುತ್ತದೆ. ಇಲಿಯಾದರೋ ಆರೋಗ್ಯವಾಗಿಯೇ ತೋರುತ್ತದೆ! 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸಿಗೂ ಕಾಡಿಲಿಗಳು ಆಶ್ರಯವೀಯುತ್ತವೆ. ಅದನ್ನು ಹರಡುವ ಉಣುಗಿನ ಮರಿಗಳು ಅವುಗಳ ರಕ್ತವನ್ನು ಹೀರುತ್ತವೆ.

ಪಂಜರದಲ್ಲಿಯೇ ತಲೆಮಾರುಗಳಿಂದ ಬೆಳೆದ ಸಾಕಿಲಿಯ ಮಾತು ಬೇರೆ. ಕಂದು ಇಲಿಯ ಸಂತತಿಯೇ ಆದರೂ ಅದು ಸೌಮ್ಯ, ಬುದ್ಧಿವಂತ ಪ್ರಾಣಿ. ಆದರೆ ಒಂಟಿಯಾಗಿ ಕೊರಗುತ್ತದೆ; ಆದುದರಿಂದ ಒಂದೇ ಲಿಂಗದ ಎರಡನ್ನು ತರಬೇಕು. ಇಲ್ಲವಾದರೆ ಸುಮಾರು ಮೂರು ವಾರಗಳ ಗರ್ಭದಿಂದ ಮರಿಗಳ ಹಿಂಡೇ ಹುಟ್ಟೀತು. ಆಯುಸ್ಸು ಎರಡು-ಮೂರು ವರ್ಷ ಮಾತ್ರ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸುವುದು ಲೇಸು.

ನಿಜವಾದ ತೊಡಕು ಮಳೆಗಾಲದ್ದು. ತೇವವೂ ಮೂತ್ರದಿಂದೇಳುವ ಅಮೋನಿಯವೂ ಸೇರಿದರೆ ಇಲಿಯ ಶ್ವಾಸಕೋಶಗಳು ಕೆಡುತ್ತವೆ. ನಮ್ಮ ಬಟ್ಟೆಯೇ ಒಣಗದ ಆಷಾಢದಲ್ಲಿ ಅದರ ಹಾಸನ್ನು ಒಣದಾಗಿಡಬಲ್ಲ, ಕಾಡಿಲಿ ನುಸುಳದ ಮೂಲೆಯೊಂದು ಮನೆಯಲ್ಲಿದೆಯೆ? ಇದ್ದರೆ ತಂತಿಯ ಪಂಜರವನ್ನು ಕೊಳ್ಳಬಹುದು. ಮರದ ಪೆಟ್ಟಿಗೆಯನ್ನು ಅವು ಕಡಿದುಹಾಕುತ್ತವೆ.