ಬಿಸಿ ಬಾಡನ್ನು ಮಿಕ್ಸಿಗೆ ಹಾಕಬೇಡ

ಬ್ರೆಡ್ಡಿಗೆ, ಚಪಾತಿಗೆ ಸವರಿಕೊಳ್ಳಲು ಮಟನ್ ಸ್ಪ್ರೆಡ್ ಮನೆಯಲ್ಲೇ ಮಾಡ್ತೀನಿ ಅಂದೆಯಲ್ಲ, ಕೇಳಿ ಹಿಗ್ಗಿದೆ. ಕೈರುಚಿ ನಿನಗಿದೆ, ನಾಲಿಗೆಯೂ ಚುರುಕಾಗಿದೆ. ಇಲ್ಲದ್ದು ತಾಳ್ಮೆಯೊಂದೇ. ಕುಕ್ಕರ್ ಕೂಗುವ ಮೊದಲೇ ಮಿಕ್ಸಿಯ ಪ್ಲಗ್ ಸಿಕ್ಕಿಸಿ ಕಾಯುವ ಪೈಕಿ ನೀನು. ಅದಕ್ಕೇ ಹೇಳುತ್ತೇನೆ, ಕೇಳು ಮಗು: ಈ ಅಡುಗೆಯಲ್ಲಿ ಅರೆಯುವುದು ಐದು ನಿಮಿಷದ ಕೆಲಸ. ರುಚಿ ಹುಟ್ಟುವುದೂ ಕೆಡುವುದೂ ಅದರ ಹಿಂದೆ ಮುಂದೆ.

ಅಂಗಡಿಯಲ್ಲಿ ಮೊಬೈಲ್ ನೋಡುತ್ತಾ ‘ಅರ್ಧ ಕೆಜಿ ಕೈಮ ಕೊಡಿ’ ಅನ್ನಬೇಡ. ಹುಣಸೆ ಕೊರಡಿನ ಮುಂದೆ ನಿಂತು ಭುಜದ ತುಂಡು ಕೇಳು, ಕಣ್ಣೆದುರಿಗೇ ಕೊಯ್ಸಿಕೋ. ತೊಡೆ ಒಣಕಲು. ಭುಜದಲ್ಲಿ ಕೊಬ್ಬೂ ಇದೆ, ನಿಧಾನಕ್ಕೆ ಬೆಂದರೆ ಕರಗಿ ಜಿಗುಟು ಕೊಡುವ ಪೊರೆಯೂ ಇದೆ. ಸವರುವುದಕ್ಕೆ ಅದೇ ಬೇಕು. ಇನ್ನೊಂದು ಕಾರಣವೂ ಉಂಟು. ಇಡೀ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಹೊರಮೈಯಲ್ಲಿರುತ್ತದೆ. ಅರೆದೆಯೋ, ಒಳಗೆಲ್ಲ ಬೆರೆಯಿತು. ಹಸಿ ಕೈಮದ ಅಡುಗೆ ನಡುವಿನ ತನಕ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನುವುದು ಅದಕ್ಕೇ. ಕೈಮ ಉಂಡೆಗೆ ನಾವು ಹಸಿ ಬಾಡನ್ನೇ ಹುರಿಗಡಲೆ ಜೊತೆ ಅರೆದು, ಆಮೇಲೆ ಸಾರಿನಲ್ಲಿ ಬೇಯಿಸುತ್ತೇವೆ. ನಿನ್ನ ಸ್ಪ್ರೆಡ್ಡಿಗೆ ಆಮೇಲಿನ ಒಲೆ ಇಲ್ಲ. ಆದ್ದರಿಂದ ಮೊದಲು ಬೇಯಲಿ, ನಂತರ ಅರೆ.

ಉಪ್ಪು, ಅರಿಶಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ನೀರು ಕುಕ್ಕರಿಗೆ ಬೇಕಾದಷ್ಟೇ. ಎಳೆಯ ಮರಿಯಾದರೆ 5-6 ವಿಷಲ್ ಸಾಕು, ಬಲಿತದ್ದಾದರೆ ಇನ್ನೂ ಬೇಕು. ಎಣಿಕೆ ನಂಬಬೇಡ, ಬೆರಳಿನಲ್ಲಿ ಹಿಸುಕಿ ನೋಡು. ಎಳೆಎಳೆಯಾಗಿ ಬಿಟ್ಟುಕೊಳ್ಳಬೇಕು. ಬಸಿದ ರಸವನ್ನು ಚೆಲ್ಲಿದೆಯೋ, ನನ್ನ ಮುಂದೆ ಬರಬೇಡ! ಅದು ಆಮೇಲೆ ಬೇಕು.

ಈಗ ನಿನಗೆ ಬೇಸರ ತರುವ ಕೆಲಸ. ಬೆಂದ ಬಾಡನ್ನು ಅಗಲ ತಟ್ಟೆಯಲ್ಲಿ ಹರಡಿ, ಒಂದೊಂದು ತುಂಡನ್ನೂ ಬೆರಳಾಡಿಸಿ ನೋಡು. ಮಚ್ಚಿನ ಏಟಿಗೆ ಸಿಡಿದ ಮೂಳೆ ಚೂರು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಸಿಗುವುದು. ಅದು ಬ್ಲೇಡನ್ನೂ ಮುರಿಯುತ್ತದೆ, ಹಲ್ಲನ್ನೂ ಮುರಿಯುತ್ತದೆ. ಬಿಳಿ ನರ ಸಿಕ್ಕಿದರೆ ಕಿತ್ತು ಹಾಕು. ಈ ಹತ್ತು ನಿಮಿಷ ಉಳಿಸಿಕೊಳ್ಳುವವರ ಅಡುಗೆಯನ್ನು ಮಕ್ಕಳಿಗೆ ಬಡಿಸಲು ನನಗೆ ಧೈರ್ಯವಿಲ್ಲ.

ಹಬೆ ಆರುತ್ತಲೇ ಮುಚ್ಚಿ ಫ್ರಿಜ್ಜಿಗಿಡು. ಬೆಂದ ಮಾಂಸ ಹೊರಗೆ ಎರಡು ಗಂಟೆ ಮೀರಿ ಇರಬಾರದು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಒಂದು ಗಂಟೆಯೇ ಹೆಚ್ಚು. ಚೆನ್ನಾಗಿ ತಣ್ಣಗಾದ ಮೇಲೆ ಅರೆಯಲು ಕೂರು. ಬಿಸಿ ಬಾಡನ್ನು ಮಿಕ್ಸಿಗೆ ಹಾಕಿದರೆ ಹಬೆ ಮುಚ್ಚಳವನ್ನು ತಳ್ಳುತ್ತದೆ, ಕೊಬ್ಬು ಕರಗಿ ಬೇರೆಯಾಗುತ್ತದೆ, ಎಳೆಗಳೆಲ್ಲ ನುರಿದು ಗೋಡೆಗೆ ಪೋಸ್ಟರ್ ಹಚ್ಚುವ ಮೈದಾ ಅಂಟಿನ ಹಾಗಾಗುತ್ತದೆ.

ಮೇಜಿನ ಅಂಚಿಗೆ ಬಿಗಿಯುವ ಕೈಮ ಮಾಡುವ ಕೈಯಂತ್ರ ಮನೆಯಲ್ಲಿದ್ದರೆ ನಿನ್ನ ಪುಣ್ಯ. ಅದು ಜಜ್ಜುವುದಿಲ್ಲ, ಕತ್ತರಿಸುತ್ತದೆ. ಆದರೆ ಬ್ಲೇಡಿನ ಚಪ್ಪಟೆ ಮೈ ತೂತಿನ ಬಿಲ್ಲೆಗೆ ಒತ್ತಿ ಕೂರಬೇಕು. ತಿರುವುಮುರುವು ಜೋಡಿಸಿದರೆ ಎಷ್ಟು ತಿರುಗಿಸಿದರೂ ಹಿಸುಕುವುದೇ ಸರಿ, ಆಮೇಲೆ ಯಂತ್ರ ಕೆಟ್ಟಿದೆ ಅಂತ ದೂರುತ್ತೀ. ಮೊದಲು ದೊಡ್ಡ ತೂತಿನ ಬಿಲ್ಲೆಯಲ್ಲಿ ಒಂದು ಸಲ, ಆಮೇಲೆ ಸಣ್ಣದರಲ್ಲಿ ಒಂದು ಸಲ. ಯಂತ್ರದ ಬಾಯಿಗೆ ಬೆರಳು ಇಡಲೇಬೇಡ, ಮರದ ಕೋಲಿನಲ್ಲಿ ತಳ್ಳು. ಕೊನೆಗೆ ಒಂದು ತುಂಡು ಬ್ರೆಡ್ ಹಾಕಿ ತಿರುಗಿಸಿದರೆ ಒಳಗೆ ಉಳಿದ ಮಾಂಸವೆಲ್ಲ ಹೊರಬರುತ್ತದೆ. ಮಿಕ್ಸಿಯೇ ಗತಿಯೆಂದರೆ ಸಣ್ಣ ಜಾರು, ಅರ್ಧಕ್ಕಿಂತ ಕಡಿಮೆ ತುಂಬು, ತಡೆದು ತಡೆದು ತಿರುಗಿಸು. ಒಂದೇ ಸಮ ಓಡಿಸುವ ಆಸೆ ಬರುತ್ತದೆ ನಿನಗೆ, ಗೊತ್ತು. ಕೈ ತೆಗಿ.

ಇನ್ನು ಆ ರಸ. ಅದನ್ನು ಚಮಚ ಚಮಚವಾಗಿ ಸೇರಿಸುತ್ತಾ ಕಲಸು, ಜೊತೆಗೆ ಬೆಣ್ಣೆಯೋ ತುಪ್ಪವೋ ಎರಡು ಮೂರು ಚಮಚ, ನಿಂಬೆರಸ, ಹುರಿದು ಪುಡಿ ಮಾಡಿದ ಜೀರಿಗೆ. ಹಸಿ ಈರುಳ್ಳಿ, ಕೊತ್ತಂಬರಿ ಬೇಕಿದ್ದರೆ ತಿನ್ನುವ ಹೊತ್ತಿಗೆ ಬೆರೆಸು, ಮುಂಚೆಯೇ ಹಾಕಿಟ್ಟರೆ ನೀರು ಬಿಡುತ್ತದೆ. ಫ್ರಿಜ್ಜಿನಲ್ಲಿ ತಣ್ಣಗಾದ ಮೇಲೆ ಇನ್ನೊಮ್ಮೆ ರುಚಿ ನೋಡು. ಬಿಸಿಯಲ್ಲಿ ಸರಿಯಾಗಿದ್ದ ಉಪ್ಪು, ತಣ್ಣಗಾದಾಗ ಸಪ್ಪೆ ಅನ್ನಿಸುತ್ತದೆ.

ಯಂತ್ರವನ್ನು ಆಗಲೇ ಬಿಚ್ಚಿ, ಬಿಸಿನೀರು ಸೋಪಿನಲ್ಲಿ ತೊಳೆದು, ಒರೆಸಿ, ಒಣಗಿಸು. ಎರಕದ ಕಬ್ಬಿಣದ್ದಾದರೆ ಅಡುಗೆ ಎಣ್ಣೆ ತೆಳ್ಳಗೆ ಸವರಿಡು. ತಿಂದಾದ ಮೇಲೆ ತೊಳೀತೀನಿ ಅನ್ನುವವರ ಯಂತ್ರಕ್ಕೆ ತುಕ್ಕು ಹಿಡಿಯದೇ ಇರುವುದಿಲ್ಲ. ಒಬ್ಬರ ಅಡುಗೆ ಹೇಗಿರುತ್ತದೆ ಅಂತ ತಿಳಿಯಲು ನಾನು ತಟ್ಟೆ ನೋಡುವುದಿಲ್ಲ, ಸಿಂಕು ನೋಡುತ್ತೇನೆ.

ಕಡೆಯದಾಗಿ, ನಿನ್ನ ದೊಡ್ಡ ಯೋಜನೆ. ಗಾಜಿನ ಬಾಟಲಿಗೆ ತುಂಬಿ, ಮೇಲೆ ಎಣ್ಣೆ ಹೊಯ್ದು, ಉಪ್ಪಿನಕಾಯಿಯ ಹಾಗೆ ಕಪಾಟಿನಲ್ಲಿಡುತ್ತೀನಿ, ಗೆಳೆಯರಿಗೆ ಬಸ್ಸಿನಲ್ಲಿ ಕಳಿಸುತ್ತೀನಿ ಅಂದೆ. ಖಂಡಿತ ಬೇಡ. ಮಾವಿನಕಾಯಿಯನ್ನು ಕಾಯುವುದು ಹುಳಿ ಮತ್ತು ಉಪ್ಪು, ಬರಿಯ ಎಣ್ಣೆಯಲ್ಲ. ಮಾಂಸದಲ್ಲಿ ಆ ಹುಳಿ ಇಲ್ಲ. ಎಣ್ಣೆ ಗಾಳಿಯನ್ನು ತಡೆದಾಗ ಬಾಟುಲಿಸಂ ತರುವ ರೋಗಾಣುವಿಗೆ ಒಳಗೆ ಹಿತವಾದ ಜಾಗ ಸಿಗುತ್ತದೆ. ಅದರ ಬೀಜಕಣ 100 ಡಿಗ್ರಿಯ ಕುದಿಗೆ ಸಾಯುವುದಿಲ್ಲ. ಕಾರ್ಖಾನೆಯವರು ಡಬ್ಬಿಗಳನ್ನು ಒತ್ತಡದಲ್ಲಿ 121 ಡಿಗ್ರಿಯ ಸುಮಾರಿಗೆ ಕಾಯಿಸುವುದು ಆ ಭಯಕ್ಕೇ. ಇಂಗ್ಲೆಂಡಿನಲ್ಲಿ ಅರೆದ ಮಾಂಸದ ಮೇಲೆ ಬೆಣ್ಣೆ ಕಾಯಿಸಿ ಹೊಯ್ದಿಡುವ ಹಳೆಯ ಪದ್ಧತಿಯಿದೆ. ಅದನ್ನು ಮಾಡು, ರುಚಿಯೂ ಹೌದು. ಆದರೆ ಅದೂ ಫ್ರಿಜ್ಜಿನಲ್ಲೇ ಇರಲಿ.

ಒಂದು ವಾರಕ್ಕೆ ಅರ್ಧ ಕೆಜಿ ಮಾಡು, ಸಾಕು. ಮಾಡಿದ ತಾರೀಖನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸು. ಮೂರು ನಾಲ್ಕು ದಿನಕ್ಕೆ ಬೇಕಾದಷ್ಟು ಕೆಳಗಿರಲಿ, ಉಳಿದದ್ದು ಅಂದೇ ಫ್ರೀಜರಿಗೆ ಹೋಗಲಿ. ಕೆಳಗಿಟ್ಟದ್ದು ನಾಲ್ಕು ದಿನ ದಾಟಿತೋ, ಮೂಸಿ ನೋಡಿ ‘ಚೆನ್ನಾಗೇ ಇದೆ’ ಅನ್ನಬೇಡ. ಕಾಯಿಲೆ ತರುವ ರೋಗಾಣು ಎಷ್ಟೋ ಸಲ ವಾಸನೆ ಬಿಡುವುದಿಲ್ಲ. ದುಡ್ಡು ಹೋದರೆ ಹೋಗಲಿ, ಚೆಲ್ಲಿಬಿಡು.