ಜೀವವಿಮೆ: ಯಾವ ರೈತನಿಗೆ ಅವಶ್ಯ?

ಭೂಮಿಯುಳ್ಳವನಿಗೆ ವಿಮೆಯೇತಕ್ಕೆಂಬ ಅಭಿಪ್ರಾಯವು ರೈತರಲ್ಲಿ ಬಹುಮಟ್ಟಿಗೆ ಹರಡಿರುವುದು. ಯಜಮಾನನು ತೀರಿಕೊಂಡರೂ ಭೂಮಿಯು ಉಳಿಯುವುದು ನಿಜ. ಆದರೆ ಅದನ್ನು ಉಳುವ ಕೈ ಉಳಿಯುವುದಿಲ್ಲ, ಅದರ ಮೇಲಿನ ಸಾಲವೂ ತೀರುವುದಿಲ್ಲ. ಇಂತಹ ಸಮಯದಲ್ಲಿಯೇ ಜಮೀನು ಅಗ್ಗದ ಬೆಲೆಗೆ ಪರರ ಪಾಲಾಗುವುದು. ಆದ್ದರಿಂದ ಈ ವಿಷಯವನ್ನು ಲೆಕ್ಕವಿಟ್ಟು ಪರ್ಯಾಲೋಚಿಸುವುದು ಯುಕ್ತ.

1. ಅವಶ್ಯವಿಲ್ಲದವರು.— ತನ್ನ ದುಡಿಮೆಯನ್ನು ನಂಬಿದವರು ಯಾರೂ ಇಲ್ಲದ ಒಂಟಿಗನಿಗೂ, ಸಾಲವೆಲ್ಲ ತೀರಿ, ಬೆಳೆದ ಮಕ್ಕಳೇ ಬೇಸಾಯ ನಡೆಸುತ್ತಿರುವ ವೃದ್ಧನಿಗೂ ಜೀವವಿಮೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಚಿಕ್ಕ ಮಕ್ಕಳ ಸಂಪಾದನೆಯಿಂದ ಸಂಸಾರವು ನಡೆಯುವುದಿಲ್ಲವಾದುದರಿಂದ ಅವರ ಹೆಸರಿಗಿಂತ ಮೊದಲು ದುಡಿಯುವವನ ಹೆಸರಿನಲ್ಲಿ ವಿಮೆ ಮಾಡಿಸತಕ್ಕದ್ದು.

2. ಅವಶ್ಯವುಳ್ಳವರು.— ಎಳೆಯ ಮಕ್ಕಳೂ ಸಾಲವೂ ಇದ್ದು, ಒಬ್ಬನೇ ದುಡಿಯುವ ಮನೆಗೆ ವಿಮೆಯು ಅತ್ಯವಶ್ಯ. ಬೇಸಾಯದ ಭಾರವನ್ನು ಹೊತ್ತ ಗೃಹಿಣಿಯ ವಿಷಯದಲ್ಲಿಯೂ ಹೀಗೆಯೇ ತಿಳಿಯತಕ್ಕದ್ದು.

3. ಮೊತ್ತದ ಲೆಕ್ಕ.— ಒಬ್ಬ ರೈತನಿಗೆ 3,00,000 ರೂಪಾಯಿ ಸಾಲವಿರುವುದೆಂದು ಭಾವಿಸೋಣ. ಮನೆಯ ವಾರ್ಷಿಕ ವೆಚ್ಚ 1,50,000 ರೂ. ಅವನಿಲ್ಲದೆ ಕೂಲಿಯಾಳುಗಳಿಂದ ಸಾಗುವಳಿ ಮಾಡಿಸಿದರೆ ಖರ್ಚು ಕಳೆದು 80,000 ರೂ. ಉಳಿಯುವುದು. ವರ್ಷಕ್ಕೆ ಕೊರತೆ 70,000 ರೂ. ಕಿರಿಯ ಮಗನು ಕೈಗೆ ಬರಲು 10 ವರ್ಷಗಳಾದರೆ ಕೊರತೆಯು 7,00,000 ರೂ.; ಸಾಲ ಸೇರಿ 10,00,000 ರೂ. ಇದರಲ್ಲಿ ಕೂಡಿಟ್ಟ 1,50,000 ರೂ. ಕಳೆದರೆ 8,50,000 ರೂಪಾಯಿಗಳ ವಿಮೆ ಬೇಕಾಗುವುದು. ಕೊರತೆಯೇ ಬಾರದಿದ್ದರೆ ವಿಮೆಯೂ ಬೇಡ.

4. ಬಗೆಗಳು.— ಅವಧಿವಿಮೆಯಲ್ಲಿ ಕಂತು ಕಡಿಮೆ. ಆದರೆ ಅವಧಿ ಮುಗಿಯುವವರೆಗೆ ಬದುಕಿದ್ದರೆ ಸಾಮಾನ್ಯವಾಗಿ ಹಣವು ಹಿಂದಿರುಗುವುದಿಲ್ಲ. ಉಳಿತಾಯವನ್ನು ಕೂಡಿಸಿದ ವಿಮೆಯಲ್ಲಿ ಹಣ ಬರುವುದಾದರೂ ಅಷ್ಟೇ ಮೊತ್ತಕ್ಕೆ ಕಂತು ಬಹಳ ಹೆಚ್ಚು. ರಕ್ಷಣೆಯೇ ಮುಖ್ಯವಾದವರಿಗೆ ಮೊದಲನೆಯದು ಉಚಿತ. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಜೀವನಜ್ಯೋತಿ ವಿಮಾ ಯೋಜನೆಗೆ ಬ್ಯಾಂಕ್ ಅಥವಾ ಅಂಚೆ ಖಾತೆಯುಳ್ಳ 18ರಿಂದ 50 ವರ್ಷದವರು ಸೇರಬಹುದು. ವರ್ಷಕ್ಕೆ 436 ರೂಪಾಯಿಗೆ 2,00,000 ರೂಪಾಯಿಗಳ ವಿಮೆ ದೊರೆಯುವುದು. ಗ್ರಾಮವಾಸಿಗಳಿಗಾಗಿ 1995ರಿಂದ ಗ್ರಾಮೀಣ ಅಂಚೆ ಜೀವವಿಮೆಯೂ ಉಂಟು.

5. ಎಚ್ಚರಿಕೆಗಳು.—

(ಅ) ಸುಗ್ಗಿಯ ಹಣ ಕೈಸೇರುವ ತಿಂಗಳಿಗೆ ವಾರ್ಷಿಕ ಕಂತನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಮಳೆ ತಪ್ಪಿದ ವರ್ಷದಲ್ಲಿಯೂ ಕಟ್ಟಲಾಗುವಷ್ಟು ಕಂತನ್ನೇ ಒಪ್ಪಿಕೊಳ್ಳಬೇಕು. ಕಂತು ತಪ್ಪಿದರೆ ರಕ್ಷಣೆಯೂ ತಪ್ಪುವುದು.

(ಆ) ರೋಗವನ್ನು ಮರೆಮಾಚಬಾರದು. ಪಾಲಿಸಿಯಾದ 3 ವರ್ಷಗಳೊಳಗೆ ಸುಳ್ಳು ಹೊರಬಿದ್ದರೆ ಹಣವು ನಿಲ್ಲಬಹುದು.

(ಇ) ಹಣ ಪಡೆಯತಕ್ಕವರ ಹೆಸರನ್ನು ನಮೂದಿಸಬೇಕು. 1874ನೆಯ ಇಸವಿಯ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾನೂನಿನಂತೆ ಹೆಂಡತಿ ಮಕ್ಕಳ ಪ್ರಯೋಜನಕ್ಕೆಂದು ಬರೆಯಿಸಿದ ಪಾಲಿಸಿಯ ಹಣವು, ಮೋಸದ ಉದ್ದೇಶವಿಲ್ಲದಿದ್ದರೆ, ಸಾಲಕೊಟ್ಟವರ ವಶವಾಗದು.

ಖಾತೆಯಿಂದ ತಾನಾಗಿ ಕಂತು ಸಲ್ಲುವಲ್ಲಿ ವಿಮೆಯಿರುವುದೇ ಮನೆಯವರಿಗೆ ತಿಳಿಯದಿರಬಹುದು. ಪಾಲಿಸಿಯಿರುವ ಸ್ಥಳವನ್ನು ಯಜಮಾನನು ಮನೆಯಲ್ಲಿ ಹೇಳಿಡಬೇಕು. ಊರಿನಲ್ಲಿ ಮರಣವಾದಾಗ 21 ದಿನಗಳೊಳಗೆ ಅದನ್ನು ನೋಂದಾಯಿಸಿ, ಮೃತನ ಖಾತೆಯಲ್ಲಿ ವಿಮೆಯ ಕಂತು ಸಂದಿದೆಯೇ ಎಂದು ಬ್ಯಾಂಕಿನಲ್ಲಿಯೂ ಅಂಚೆಕಛೇರಿಯಲ್ಲಿಯೂ ವಿಚಾರಿಸಿ ಸಂಸಾರಕ್ಕೆ ನೆರವಾಗುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.